ವ್ಯಾಯಾಮ ಮುಗಿಸಿದ ತಕ್ಷಣ ಸಕ್ಕರೆ ಏರಿದ್ದೇಕೆ?

ಪ್ರಶ್ನೆ: ನನಗೆ 49 ವರ್ಷ. ಏಳು ತಿಂಗಳ ಹಿಂದೆ ಮಾಡಿಸಿದ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 118, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ 6.3 ಬಂತು. ಇದು ಮಧುಮೇಹದ ಪೂರ್ವಸ್ಥಿತಿ ಎಂದ ವೈದ್ಯರು ಔಷಧ ಬರೆಯದೆ ವ್ಯಾಯಾಮ ಮಾಡಲು ಹೇಳಿದರು. ಅಂದಿನಿಂದ ವಾರಕ್ಕೆ ಐದು ದಿನ, ದಿನಕ್ಕೆ 40 ನಿಮಿಷ ಬಿರುಸಾಗಿ ನಡೆಯುತ್ತಿದ್ದೇನೆ. ತೂಕ ಇಳಿದದ್ದು ಒಂದೇ ಕಿಲೋ. ಆದರೂ ಎಚ್‌ಬಿಎ1ಸಿ 5.9ಕ್ಕೆ ಬಂದಿದೆ. ತೂಕ ಇಳಿಯದೆ ಇದು ಹೇಗೆ ಸಾಧ್ಯ? ಒಂದು ತಿಂಗಳಿಂದ ಭಾರ ಎತ್ತುವ ವ್ಯಾಯಾಮ ಮತ್ತು ನಡುನಡುವೆ ಜೋರಾಗಿ ಓಡುವುದನ್ನು ಸೇರಿಸಿಕೊಂಡಿದ್ದೇನೆ. ಮೊನ್ನೆ ಗ್ಲುಕೋಮೀಟರ್‌ನಲ್ಲಿ ನೋಡಿದಾಗ ವ್ಯಾಯಾಮಕ್ಕೆ ಮೊದಲು 112 ಇದ್ದ ಸಕ್ಕರೆ, ಮುಗಿದ ತಕ್ಷಣ 151 ಆಗಿತ್ತು. ಈ ವಯಸ್ಸಿನಲ್ಲಿ ಭಾರ ಎತ್ತಬಾರದು ಎಂದು ಗೆಳತಿಯೊಬ್ಬರು ಹೇಳುತ್ತಾರೆ. ಅದಕ್ಕೂ ಮುಂಚೆ ಪ್ರಯಾಣದ ಕಾರಣ ಹತ್ತು ದಿನ ಎಲ್ಲವೂ ನಿಂತುಹೋಗಿ, ಬೆಳಗಿನ ಸಕ್ಕರೆ ಮತ್ತೆ 115 ದಾಟಿತ್ತು. ಏಳು ತಿಂಗಳ ಶ್ರಮ ಹತ್ತೇ ದಿನದಲ್ಲಿ ಕರಗಿತೇ? ನನ್ನ ತಾಯಿಗೆ 74 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅವರೂ ಇದನ್ನೆಲ್ಲ ಮಾಡಬಹುದೇ?

ಉತ್ತರ: ನಿಮ್ಮ ಮೊದಲ ಮೂರು ಸಂಶಯಗಳಿಗೂ ಬೇರು ಒಂದೇ. ವ್ಯಾಯಾಮವೆಂದರೆ ಸಕ್ಕರೆಯನ್ನು ಸುಡುವ ಕೆಲಸ ಎಂಬ ತಿಳಿವಳಿಕೆ ನಮ್ಮೆಲ್ಲರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಹಾಗೆ ನಂಬಿದವರಿಗೆ ತೂಕ ಇಳಿಯದೆ ಎಚ್‌ಬಿಎ1ಸಿ ಇಳಿದದ್ದು ಒಗಟಾಗಿ ಕಾಣುತ್ತದೆ, ವ್ಯಾಯಾಮದ ಬೆನ್ನಲ್ಲೇ ಸಕ್ಕರೆ ಏರಿದ್ದು ಅಪಾಯವಾಗಿ ಕಾಣುತ್ತದೆ, ಹತ್ತು ದಿನ ಬಿಟ್ಟಾಗ ಹಳೆಯ ಅಂಕಿ ಮರಳಿದ್ದು ಸೋಲಾಗಿ ಕಾಣುತ್ತದೆ. ಮೂರೂ ಹಾಗಲ್ಲ.

ಸುಡುವ ಲೆಕ್ಕವನ್ನೇ ಮೊದಲು ನೋಡೋಣ. ವಯಸ್ಕರೊಬ್ಬರ ಇಡೀ ದೇಹದ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು. ನಲವತ್ತು ನಿಮಿಷದ ಬಿರುಸು ನಡಿಗೆಯಲ್ಲಿ ಸ್ನಾಯುಗಳು ಇದಕ್ಕಿಂತ ಹೆಚ್ಚನ್ನೇ ಬಳಸುತ್ತವೆ. ಆದರೂ ನಡೆದವರು ಕುಸಿದು ಬೀಳುವುದಿಲ್ಲ, ಏಕೆಂದರೆ ಸ್ನಾಯು ಎಳೆದುಕೊಂಡಷ್ಟನ್ನು ಯಕೃತ್ತು ತನ್ನ ದಾಸ್ತಾನಿನಿಂದ ರಕ್ತಕ್ಕೆ ತುಂಬುತ್ತಲೇ ಇರುತ್ತದೆ. ಹಾಗಾಗಿ ಆ ನಲವತ್ತು ನಿಮಿಷದಲ್ಲಿ ಎಷ್ಟು ಸಕ್ಕರೆ ಉರಿಯಿತು ಎಂಬುದು ನಿಮ್ಮ ಆರೋಗ್ಯದ ದೃಷ್ಟಿಯಿಂದ ಅಷ್ಟು ದೊಡ್ಡ ಸಂಗತಿಯಲ್ಲ. ನಡಿಗೆ ಮುಗಿದ ಮೇಲೆ, ನೀವು ಊಟಕ್ಕೆ ಕೂತಾಗ, ರಾತ್ರಿ ಮಲಗಿದಾಗ, ಮರುದಿನ ಎದ್ದಾಗ ನಿಮ್ಮ ಸ್ನಾಯುಗಳು ಇನ್ಸುಲಿನ್ನಿನ ಮಾತನ್ನು ಹೇಗೆ ಕೇಳುತ್ತವೆ ಎಂಬುದೇ ದೊಡ್ಡ ಸಂಗತಿ.

ಸಾಮಾನ್ಯವಾಗಿ ದೇಹದ ತೂಕದ ಸುಮಾರು ಶೇ 40 ಭಾಗ ಎಲುಬಿಗೆ ಅಂಟಿದ ಸ್ನಾಯುಗಳದ್ದು. ರಕ್ತದಲ್ಲಿ ಇನ್ಸುಲಿನ್ ಏರಿದಾಗ ಗ್ಲೂಕೋಸನ್ನು ಯಾವ ಅಂಗ ಎಷ್ಟು ಹೀರಿಕೊಳ್ಳುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದಾಗ, ಶೇ 70ರಿಂದ 80ರಷ್ಟು ಪಾಲು ಸ್ನಾಯುಗಳಿಗೆ ಹೋಗುವುದು ಕಂಡುಬಂದಿದೆ. ಇದು ನಡೆಯುವ ಬಗೆ ಹೀಗೆ: ಇನ್ಸುಲಿನ್ ಸ್ನಾಯುಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ, ಅಲ್ಲಿಂದ ಒಂದು ಸಂದೇಶ ಕೈಯಿಂದ ಕೈಗೆ ದಾಟಿದಂತೆ ಕೋಶದ ಒಳಗೆ ಸಾಗುತ್ತದೆ, ಕೊನೆಗೆ ಒಳಗೆ ಪುಟ್ಟ ಚೀಲಗಳಲ್ಲಿ ಅಡಗಿರುವ ಗ್ಲುಟ್-4 ಎಂಬ ವಾಹಕ ಪ್ರೋಟೀನುಗಳು ಹೊರಮೈಗೆ ಬಂದು ಗ್ಲೂಕೋಸನ್ನು ಒಳಕ್ಕೆ ಬಿಡುತ್ತವೆ. ಇನ್ಸುಲಿನ್ ಪ್ರತಿರೋಧ ಎಂದು ನಾವು ಕರೆಯುವ ಸ್ಥಿತಿಯಲ್ಲಿ ಗ್ಲುಟ್-4 ಇರುತ್ತದೆ, ಇನ್ಸುಲಿನ್ನೂ ಇರುತ್ತದೆ; ಸಂದೇಶ ಮಾತ್ರ ನಡುದಾರಿಯಲ್ಲಿ ಕುಂದುತ್ತದೆ. ಸ್ನಾಯುವಿಗೆ ತಾನು ಬಳಸುವುದಕ್ಕಿಂತ ಹೆಚ್ಚು ಕೊಬ್ಬು ಬಂದು ಸೇರುತ್ತಿದ್ದಾಗ, ಆ ಕೊಬ್ಬಿನಿಂದ ಹುಟ್ಟುವ ಡೈಅಸೈಲ್‌ಗ್ಲಿಸರಾಲ್, ಸೆರಮೈಡ್‌ನಂತಹ ವಸ್ತುಗಳು ಸಂದೇಶದ ದಾರಿಗೆ ಅಡ್ಡ ಬರುತ್ತವೆ ಎಂಬುದು ಇದಕ್ಕೆ ಹೆಚ್ಚು ಒಪ್ಪಿತವಾದ ವಿವರಣೆಗಳಲ್ಲಿ ಒಂದು. ಕೊರತೆಯನ್ನು ಸರಿದೂಗಿಸಲು ಮೇದೋಜ್ಜೀರಕ ಗ್ರಂಥಿ ಹೆಚ್ಚೆಚ್ಚು ಇನ್ಸುಲಿನ್ ಸುರಿಸುತ್ತದೆ. ಅದಕ್ಕೆ ಸಾಧ್ಯವಿರುವಷ್ಟು ವರ್ಷ ಪರೀಕ್ಷೆಯ ಅಂಕಿಗಳು ಚೆನ್ನಾಗಿಯೇ ಕಾಣುತ್ತವೆ. ಅದು ದಣಿಯತೊಡಗಿದಾಗ ನಿಮಗೆ ಬಂದಂತಹ 118, 6.3 ಎಂಬ ಅಂಕಿಗಳು ಬರುತ್ತವೆ.

ಇನ್ನು ನಾನು ರೋಗಿಗಳಿಗೆ ಹೇಳುವಾಗ ಪ್ರತಿ ಬಾರಿಯೂ ಸಂತೋಷಪಡುವ ವಿಷಯಕ್ಕೆ ಬರುತ್ತೇನೆ. ಗ್ಲುಟ್-4 ಅನ್ನು ಹೊರಮೈಗೆ ತರಲು ಇನ್ಸುಲಿನ್ನಿಗೆ ಸಂಬಂಧಪಡದ ಇನ್ನೊಂದು ದಾರಿಯಿದೆ, ಅದು ಸ್ನಾಯುವಿನ ಸಂಕೋಚನ. ಸ್ನಾಯು ಬಿಗಿಯುವಾಗ ಕೋಶದೊಳಗೆ ಬಿಡುಗಡೆಯಾಗುವ ಕ್ಯಾಲ್ಸಿಯಂ, ಶಕ್ತಿ ಖರ್ಚಾಗುತ್ತಿರುವುದನ್ನು ಗುರುತಿಸಿ ಎಚ್ಚರಗೊಳ್ಳುವ ಎಎಂಪಿಕೆ ಎಂಬ ಕಿಣ್ವ, ನಾರುಗಳ ಮೇಲೆ ಬೀಳುವ ಎಳೆತ ಇವೆಲ್ಲ ಸೇರಿ, ಇನ್ಸುಲಿನ್ನಿನ ಕೆಟ್ಟ ದಾರಿಯನ್ನು ಮುಟ್ಟದೆಯೇ ಅದೇ ವಾಹಕಗಳನ್ನು ಮೇಲಕ್ಕೆ ಕರೆಯುತ್ತವೆ. ಟೈಪ್-2 ಮಧುಮೇಹ ಇದ್ದು, ಇನ್ಸುಲಿನ್ ದಾರಿ ಬಹುಪಾಲು ಮುಚ್ಚಿದವರಲ್ಲಿಯೂ ಈ ಎರಡನೆಯ ದಾರಿ ಹೆಚ್ಚುಕಡಿಮೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಇಷ್ಟು ವರ್ಷ ಸಕ್ಕರೆ ಹೆಚ್ಚಿದೆ, ಇನ್ನು ವ್ಯಾಯಾಮದಿಂದ ಏನು ಪ್ರಯೋಜನ ಎಂದು ಕೈಚೆಲ್ಲಿ ಕೂತವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಸಂಕೋಚನದ ಈ ನೇರ ಪರಿಣಾಮ ವ್ಯಾಯಾಮ ನಿಂತ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಆದರೆ ಅದು ಇಳಿಯುವ ಹೊತ್ತಿಗೆ ಮೊದಲನೆಯ ದಾರಿಯೇ ಸುಧಾರಿಸಿರುತ್ತದೆ: ದುಡಿದ ಸ್ನಾಯು ಮುಂದಿನ 24ರಿಂದ 48 ಗಂಟೆಗಳವರೆಗೆ ಅಷ್ಟೇ ಇನ್ಸುಲಿನ್ನಿಗೆ ಹೆಚ್ಚು ಗ್ಲೂಕೋಸನ್ನು ಒಳಗೆ ತೆಗೆದುಕೊಳ್ಳುತ್ತದೆ. ಕಾರಣದ ಒಂದು ಭಾಗ ಸರಳ. ಸ್ನಾಯುಗಳೆಲ್ಲ ಸೇರಿ ಸುಮಾರು 400ರಿಂದ 500 ಗ್ರಾಂ ಗ್ಲೂಕೋಸನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡಬಲ್ಲವು, ಯಕೃತ್ತು ಸುಮಾರು 100 ಗ್ರಾಂ. ಕಣಜ ತುಂಬಿಕೊಂಡೇ ಇದ್ದರೆ ಹೊಸ ಕಾಳಿಗೆ ಜಾಗವಿರುವುದಿಲ್ಲ. ವ್ಯಾಯಾಮ ಅದನ್ನು ಖಾಲಿ ಮಾಡುತ್ತದೆ, ಖಾಲಿಯಾದ ಸ್ನಾಯು ಮತ್ತೆ ತುಂಬಿಕೊಳ್ಳಲು ಹಂಬಲಿಸುತ್ತದೆ. 1980ರ ದಶಕದಲ್ಲಿ ಡೆನ್ಮಾರ್ಕಿನ ಎರಿಕ್ ರಿಕ್ಟರ್ ಮತ್ತು ಸಂಗಡಿಗರು ಸ್ವಯಂಸೇವಕರಿಂದ ಒಂದೇ ಕಾಲಿನಲ್ಲಿ ವ್ಯಾಯಾಮ ಮಾಡಿಸಿ, ಕೆಲವು ಗಂಟೆಗಳ ನಂತರ ಎರಡೂ ಕಾಲುಗಳನ್ನು ಪರೀಕ್ಷಿಸಿದರು. ಒಂದೇ ದೇಹ, ಒಂದೇ ರಕ್ತ, ಒಂದೇ ಇನ್ಸುಲಿನ್. ಆದರೂ ಇನ್ಸುಲಿನ್ನಿಗೆ ಹೆಚ್ಚು ಸ್ಪಂದಿಸಿದ್ದು ದುಡಿದ ಕಾಲು ಮಾತ್ರ. ನಡಿಗೆಯ ಜೊತೆ ನೀವು ಬೆನ್ನು, ಎದೆ, ತೋಳುಗಳಿಗೂ ಕೆಲಸ ಕೊಡತೊಡಗಿದ್ದು ಏಕೆ ಒಳ್ಳೆಯ ನಿರ್ಧಾರ ಎಂಬುದಕ್ಕೆ ನನಗೆ ತಿಳಿದಂತೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವಿಲ್ಲ.

ಈಗ ತೂಕದ ಪ್ರಶ್ನೆ. ವಾರಗಟ್ಟಲೆ ವ್ಯಾಯಾಮ ಮುಂದುವರಿದಾಗ ಸ್ನಾಯುವಿನ ರಚನೆಯೇ ಬದಲಾಗುತ್ತದೆ. ಗ್ಲುಟ್-4 ಪ್ರಮಾಣ ಹೆಚ್ಚುತ್ತದೆ, ನಾರುಗಳ ಸುತ್ತ ಸೂಕ್ಷ್ಮ ರಕ್ತನಾಳಗಳು ದಟ್ಟವಾಗುತ್ತವೆ, ಕೊಬ್ಬು ಮತ್ತು ಸಕ್ಕರೆಯನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯ ಹೆಚ್ಚುತ್ತವೆ. ಈ ಕೊನೆಯದನ್ನು ಅಮೆರಿಕದ ಜಾನ್ ಹಾಲಸಿ 1967ರಲ್ಲಿಯೇ ಓಡಿಸಿದ ಇಲಿಗಳ ಸ್ನಾಯುಗಳಲ್ಲಿ ತೋರಿಸಿದ್ದರು. ದೀರ್ಘಕಾಲ ತರಬೇತಿ ಪಡೆದ ಓಟಗಾರರ ಸ್ನಾಯುಗಳಲ್ಲಿ ಮಧುಮೇಹಿಗಳಲ್ಲಿ ಇರುವಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು ಕೊಬ್ಬಿನ ಹನಿಗಳು ಇರುತ್ತವೆ, ಆದರೂ ಅವರು ಇನ್ಸುಲಿನ್ನಿಗೆ ಅತ್ಯುತ್ತಮವಾಗಿ ಸ್ಪಂದಿಸುತ್ತಾರೆ. ಅವರಲ್ಲಿ ಆ ಕೊಬ್ಬು ನಿಂತ ನೀರಾಗದೆ ದಿನವೂ ಬಳಕೆಯಾಗಿ ಮತ್ತೆ ತುಂಬುತ್ತಿರುತ್ತದೆ. ಇದಾವುದನ್ನೂ ತೂಕದ ಯಂತ್ರ ಹೇಳುವುದಿಲ್ಲ. ಟೈಪ್-2 ಮಧುಮೇಹಿಗಳ ಮೇಲೆ ನಡೆದ ಹಲವು ವ್ಯಾಯಾಮ ಅಧ್ಯಯನಗಳನ್ನು ಒಟ್ಟುಗೂಡಿಸಿದ 2001ರ ವಿಶ್ಲೇಷಣೆಯಲ್ಲಿ, ತೂಕದಲ್ಲಿ ಗಣನೀಯ ವ್ಯತ್ಯಾಸವಿಲ್ಲದಿದ್ದರೂ ವ್ಯಾಯಾಮ ಮಾಡಿದವರ ಎಚ್‌ಬಿಎ1ಸಿ ಮಾಡದವರಿಗಿಂತ ಸುಮಾರು 0.66 ಅಂಶ ಕಡಿಮೆ ಇತ್ತು. ಆದ್ದರಿಂದ ನಿಮ್ಮ 6.3ರಿಂದ 5.9ರ ಇಳಿಕೆ ನಂಬಬಹುದಾದದ್ದೇ.

ಆದರೆ ಇದನ್ನು ತೂಕಕ್ಕೆ ಬೆಲೆಯಿಲ್ಲ ಎಂದು ಓದಿಕೊಳ್ಳಬೇಡಿ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ನಿಮ್ಮಂತಹ ಪೂರ್ವಸ್ಥಿತಿಯವರಿಗೆ ವಾರಕ್ಕೆ 150 ನಿಮಿಷದ ಚಟುವಟಿಕೆ ಮತ್ತು ಶೇ 7ರಷ್ಟು ತೂಕ ಇಳಿಕೆಯ ಗುರಿ ಕೊಟ್ಟಾಗ ಮಧುಮೇಹಕ್ಕೆ ತಿರುಗುವ ಸಂಭವ ಶೇ 58ರಷ್ಟು ತಗ್ಗಿತು. ಸಕ್ಕರೆ ತಗ್ಗಿಸುವ ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಂಡವರಲ್ಲಿ ತಗ್ಗಿದ್ದು ಶೇ 31. ಆ ಫಲದಲ್ಲಿ ತೂಕ ಇಳಿಕೆಯ ಪಾಲು ದೊಡ್ಡದಿತ್ತು. ನಿಮ್ಮ ಸೊಂಟದ ಸುತ್ತಳತೆ ಹೆಚ್ಚಿದ್ದರೆ ಆಹಾರದ ಪ್ರಮಾಣದ ಬಗ್ಗೆಯೂ ಯೋಚಿಸಬೇಕಾಗುತ್ತದೆ. ವ್ಯಾಯಾಮ ಮಾಡುತ್ತೇನೆ, ಏನು ತಿಂದರೂ ನಡೆಯುತ್ತದೆ ಎಂಬುದು ನಾನು ಮತ್ತೆ ಮತ್ತೆ ಕೇಳುವ, ಮತ್ತೆ ಮತ್ತೆ ನಷ್ಟ ಮಾಡುವ ನಂಬಿಕೆ. ಇನ್ನೊಂದು ಮಾತು: ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು, ಕೊರತೆ ನೀಗಿದಾಗ ತಾನಾಗಿಯೇ ಇಳಿಯಬಹುದು. ಈ ಅವಧಿಯಲ್ಲಿ ನೀವು ರಕ್ತಹೀನತೆಗೆ ಚಿಕಿತ್ಸೆ ಪಡೆದಿದ್ದರೆ ಅದನ್ನು ನಿಮ್ಮ ವೈದ್ಯರಿಗೆ ತಿಳಿಸಿ.

112 ಇದ್ದದ್ದು 151 ಆದದ್ದಕ್ಕೆ ಕಾರಣ ನಿಮ್ಮ ಯಕೃತ್ತು. ಮೈ ಪೂರ್ತಿ ಬಿಗಿದು ಭಾರ ಎತ್ತುವಾಗ ಅಥವಾ ಏದುಸಿರು ಬರುವಂತೆ ಓಡುವಾಗ ಅಡ್ರಿನಲಿನ್ ಮತ್ತು ಅದರ ಜೊತೆಗಾರ ಹಾರ್ಮೋನುಗಳು ಒಮ್ಮೆಲೇ ಏರುತ್ತವೆ. ಮುಂದೆ ಏನು ಬೇಕಾಗುವುದೋ ಎಂದು ದೇಹ ಮುಂಗಡವಾಗಿಯೇ ಇಂಧನ ಹೊರಹಾಕುತ್ತದೆ. ಅತಿ ತೀವ್ರ ವ್ಯಾಯಾಮದಲ್ಲಿ ಯಕೃತ್ತು ಬಿಡುಗಡೆ ಮಾಡುವ ಗ್ಲೂಕೋಸ್ ವಿಶ್ರಾಂತಿಯಲ್ಲಿದ್ದಾಗಿನ ಏಳೆಂಟು ಪಟ್ಟು ಹೆಚ್ಚಬಹುದು, ಸ್ನಾಯುಗಳ ಬಳಕೆ ಮೂರು ನಾಲ್ಕು ಪಟ್ಟು ಮಾತ್ರ ಹೆಚ್ಚುತ್ತದೆ. ಉಳಿದದ್ದು ಸ್ವಲ್ಪ ಹೊತ್ತು ರಕ್ತದಲ್ಲಿ ನಿಲ್ಲುತ್ತದೆ. ಮಧುಮೇಹದ ಸುಳಿವೂ ಇಲ್ಲದ ಯುವ ಕ್ರೀಡಾಪಟುಗಳಲ್ಲಿಯೂ ಹೀಗಾಗುತ್ತದೆ. ಅವರಲ್ಲಿ ಬೇಗ ಇಳಿಯುತ್ತದೆ, ಇನ್ಸುಲಿನ್ ಪ್ರತಿರೋಧ ಇರುವವರಲ್ಲಿ ಇಳಿಯಲು ಒಂದೆರಡು ಗಂಟೆ ಹಿಡಿಯಬಹುದು. ಸಾಧಾರಣ ನಡಿಗೆಯಲ್ಲಿ ಈ ಹಾರ್ಮೋನುಗಳ ಏರಿಕೆ ಅಷ್ಟಿರುವುದಿಲ್ಲವಾದ್ದರಿಂದ ನಿಮಗೆ ಮೊದಲು ಇದು ಕಾಣಲಿಲ್ಲ. ಈ ಏರಿಕೆಯಿಂದ ರಕ್ತನಾಳಗಳಿಗೆ ಹಾನಿಯಾಗುತ್ತದೆ ಎಂದು ಹೆದರಬೇಕಿಲ್ಲ, ಮತ್ತು ಇದರ ಕಾರಣಕ್ಕೆ ವ್ಯಾಯಾಮ ಬಿಡಬಾರದು.

ಹೀಗಾದವರು ಹಲವರು ನನ್ನ ಬಳಿ ಬಂದು, ನಡಿಗೆ ಒಳ್ಳೆಯದು, ಭಾರ ಎತ್ತುವುದು ನನಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಿಯೇ ಮಾತು ಆರಂಭಿಸುತ್ತಾರೆ. ಅವರಿಗೆ ನಾನು ಹೇಳುವುದು ಅಳೆಯುವ ಹೊತ್ತನ್ನು ಬದಲಿಸಿ ಎಂದು. ಮುಗಿದ ತಕ್ಷಣ ನೋಡುವ ಬದಲು ಎರಡು ಗಂಟೆ ಬಿಟ್ಟು ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ನೋಡಿ. ಬೆರಳನ್ನು ತೊಳೆದು ಒರೆಸಿಕೊಂಡು ನೋಡಿ, ಏಕೆಂದರೆ ಚರ್ಮದ ಮೇಲೆ ಉಳಿದ ಸಿಹಿಯ ಲೇಪವೂ ಅಂಕಿಯನ್ನು ಏರಿಸುತ್ತದೆ. ಮನೆಯ ಮೀಟರ್‌ಗಳು ಸುಮಾರು ಶೇ 15ರಷ್ಟು ಆಚೀಚೆ ತೋರಿಸಬಹುದು ಎಂಬುದೂ ನೆನಪಿರಲಿ. ಹಲವು ದಿನ ನೋಡಿದಾಗಲೂ ಏರಿದ ಸಕ್ಕರೆ ಗಂಟೆಗಟ್ಟಲೆ ಇಳಿಯದಿದ್ದರೆ ಅಥವಾ ಖಾಲಿ ಹೊಟ್ಟೆಯ ಅಂಕಿ 126ನ್ನು ಮುಟ್ಟತೊಡಗಿದರೆ ಆಗ ಪ್ರಯೋಗಾಲಯದ ಪರೀಕ್ಷೆ ಮಾಡಿಸಿಕೊಳ್ಳಿ.

ಹತ್ತು ದಿನದ ವಿರಾಮದ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಇನ್ಸುಲಿನ್ನಿಗೆ ಸ್ಪಂದಿಸುವ ಗುಣದಲ್ಲಿ ಬಹುಪಾಲು ಕೊನೆಯ ಕೆಲವು ದಿನಗಳ ದುಡಿಮೆಯದ್ದೇ ಆಗಿರುತ್ತದೆ, ಆದ್ದರಿಂದ ಅದು ವಾರ ಹತ್ತು ದಿನದಲ್ಲಿ ಬಹಳಷ್ಟು ಇಳಿದುಹೋಗುತ್ತದೆ. ಆರೋಗ್ಯವಂತ ಯುವಕರನ್ನು ಕೆಲವೇ ದಿನ ಹಾಸಿಗೆಯಲ್ಲಿ ಮಲಗಿಸಿದರೂ ಅವರ ಸ್ನಾಯುಗಳು ಇನ್ಸುಲಿನ್ನಿಗೆ ಕೊಡುವ ಸ್ಪಂದನ ಗಮನಾರ್ಹವಾಗಿ ಕುಗ್ಗುತ್ತದೆ. ನಿಮ್ಮ ಪ್ರಯಾಣದಲ್ಲಿ ನಿದ್ದೆಗೆಟ್ಟಿದ್ದರೆ ಅದೂ ತನ್ನ ಪಾಲು ಸೇರಿಸಿರುತ್ತದೆ. ಆದರೆ ಏಳು ತಿಂಗಳಲ್ಲಿ ಗಳಿಸಿದ ಬಲ, ಬೆಳೆದ ಸೂಕ್ಷ್ಮ ರಕ್ತನಾಳಗಳು ಅಷ್ಟು ಬೇಗ ಹೋಗುವುದಿಲ್ಲ, ಹೋದ ಸ್ಪಂದನ ಮತ್ತೆ ಆರಂಭಿಸಿದ ಮೊದಲ ದಿನದಿಂದಲೇ ಮರಳತೊಡಗುತ್ತದೆ. ಒಂದು ಸಲದ ವ್ಯಾಯಾಮದಿಂದ ಹೆಚ್ಚಿದ ಸ್ಪಂದನ ಎರಡು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂಬ ಕಾರಣದಿಂದಲೇ, ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎಂಬ ಸಲಹೆ ಹುಟ್ಟಿಕೊಂಡಿದೆ. ಪ್ರಯಾಣದಲ್ಲಿ ಎಲ್ಲವನ್ನೂ ಮಾಡಲಾಗದಿದ್ದರೆ ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ. ಟೈಪ್-2 ಮಧುಮೇಹಿಗಳ ಮೇಲೆ ನ್ಯೂಜಿಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನದ ಯಾವುದೋ ಹೊತ್ತಿನಲ್ಲಿ ಒಟ್ಟಿಗೆ 30 ನಿಮಿಷ ನಡೆದವರಿಗಿಂತ ಪ್ರತಿ ಊಟದ ನಂತರ ಹತ್ತು ನಿಮಿಷ ನಡೆದಾಗ ಊಟದ ಬಳಿಕದ ಸಕ್ಕರೆ ಶೇ 12ರಷ್ಟು ಕಡಿಮೆ ಇತ್ತು. ರಾತ್ರಿಯ ಊಟದ ನಂತರ ವ್ಯತ್ಯಾಸ ಇನ್ನೂ ಹೆಚ್ಚಿತ್ತು.

ನಿಮ್ಮ ಗೆಳತಿಯ ಆತಂಕ ಪ್ರೀತಿಯಿಂದ ಬಂದದ್ದು, ಆದರೆ ವಾಸ್ತವ ಅದರ ತಿರುವುಮುರುವು. ನಡುವಯಸ್ಸು ದಾಟಿದಂತೆ ಸ್ನಾಯುಗಳು ತಾವಾಗಿಯೇ ಕರಗತೊಡಗುತ್ತವೆ, ಅದರಲ್ಲೂ ಥಟ್ಟನೆ ಬಲ ಹಾಕುವ ನಾರುಗಳು ಮೊದಲು ಸೊರಗುತ್ತವೆ, ಮತ್ತು ನಡಿಗೆ ಅವುಗಳನ್ನು ಹೆಚ್ಚಾಗಿ ಕೆಲಸಕ್ಕೆ ಕರೆಯುವುದೇ ಇಲ್ಲ. ಸ್ನಾಯು ಕಡಿಮೆಯಾದರೆ ಗ್ಲೂಕೋಸಿನ ಕಣಜವೇ ಚಿಕ್ಕದಾಗುತ್ತದೆ. ಹಾಗಾಗಿ ನಡಿಗೆಯನ್ನು ಉಳಿಸಿಕೊಂಡು, ವಾರದಲ್ಲಿ ಎರಡು ಮೂರು ದಿನ, ಒಂದರ ಹಿಂದೆ ಒಂದು ಬಾರದಂತೆ, ಭಾರದ ವ್ಯಾಯಾಮ ಮಾಡಿ ಎಂಬುದೇ ನನ್ನ ಸಲಹೆ. ಎರಡನ್ನೂ ಸೇರಿಸಿ ಮಾಡಿದವರು ಒಂದನ್ನೇ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದ್ದನ್ನು ಅಧ್ಯಯನಗಳು ತೋರಿಸಿವೆ. ಅಪಾಯ ಇರುವುದು ಅವಸರದಲ್ಲಿ. ಅಭ್ಯಾಸವಿಲ್ಲದ ಸ್ನಾಯುವಿಗೆ ಒಮ್ಮೆಲೇ ಭಾರ ಹೇರಿ, ಮೂರು ದಿನ ಮೆಟ್ಟಿಲಿಳಿಯಲಾಗದಷ್ಟು ನೋವು ತಂದುಕೊಂಡರೆ, ಗಾಯಗೊಂಡ ನಾರುಗಳು ವಾಸಿಯಾಗುವವರೆಗೆ ಒಂದೆರಡು ದಿನ ಇನ್ಸುಲಿನ್ನಿಗೆ ಕಡಿಮೆಯೇ ಸ್ಪಂದಿಸುತ್ತವೆ. ಎತ್ತುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ದಿಢೀರ್ ಏರುತ್ತದೆ. ಎತ್ತುವಾಗ ಉಸಿರು ಬಿಡಿ. ಜೋರು ಓಟವನ್ನು ಮುಂದುವರಿಸುವ ಮುನ್ನ, ನಿಮಗೆ ರಕ್ತದೊತ್ತಡ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತಗಳಿದ್ದರೆ ಅಥವಾ ಶ್ರಮಪಟ್ಟಾಗ ಎದೆ ಹಿಡಿದಂತೆ, ದವಡೆ ಎಳೆದಂತೆ ಆಗುತ್ತಿದ್ದರೆ ಹೃದಯದ ತಪಾಸಣೆ ಮೊದಲು ಆಗಬೇಕು. ಕೂತಲ್ಲಿಯೇ ಹಿಮ್ಮಡಿ ಎತ್ತಿ ಇಳಿಸಿದರೆ ಮಧುಮೇಹ ಮಾಯವಾಗುತ್ತದೆ ಎಂಬ ವಿಡಿಯೊಗಳನ್ನು ನೀವು ನೋಡಿರಬಹುದು. ದೀರ್ಘಕಾಲ ಕೂರುವುದನ್ನು ಮುರಿಯುವ ಯಾವ ಚಲನೆಯೂ ಒಳ್ಳೆಯದೇ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುವುದು ಇನ್ನೂ ಒಳ್ಳೆಯದು. ಆದರೆ ಅದನ್ನು ನಡಿಗೆಗೋ ಭಾರದ ವ್ಯಾಯಾಮಕ್ಕೋ ಬದಲಿಯಾಗಿ ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ತಾಯಿಯೂ ವ್ಯಾಯಾಮ ಮಾಡಬಹುದು, ಮಾಡಬೇಕು; ಆದರೆ ಅವರ ಮುಂದಿರುವ ಅಪಾಯ ನಿಮ್ಮದಕ್ಕಿಂತ ಬೇರೆ. ನಿಮ್ಮಲ್ಲಿ ಸಕ್ಕರೆ ಇಳಿದಂತೆ ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ನನ್ನು ತಾನೇ ತಗ್ಗಿಸುತ್ತದೆ. ಅವರಲ್ಲಿ ಚುಚ್ಚಿಕೊಂಡ ಇನ್ಸುಲಿನ್ ಅಷ್ಟೇ ಇರುತ್ತದೆ, ಅದರ ಮೇಲೆ ಸಂಕೋಚನದ ಎರಡನೆಯ ದಾರಿಯೂ ತೆರೆದುಕೊಂಡಾಗ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್‌ನಂತಹ ಗುಳಿಗೆ ಜೊತೆಗಿದ್ದರೂ ಇದೇ ಮಾತು. ವ್ಯಾಯಾಮಕ್ಕೆ ಮುನ್ನ ಅಳೆದು 90ಕ್ಕಿಂತ ಕಡಿಮೆ ಇದ್ದರೆ ಸುಮಾರು 15ರಿಂದ 30 ಗ್ರಾಂ ಪಿಷ್ಟ ಅಥವಾ ಸಕ್ಕರೆ ಸೇವಿಸಿಯೇ ಆರಂಭಿಸಬೇಕು. ಸ್ನಾಯು ತನ್ನ ಕಣಜವನ್ನು ರಾತ್ರಿಯೆಲ್ಲ ತುಂಬಿಕೊಳ್ಳುತ್ತಿರುವುದರಿಂದ ಸಂಜೆಯ ವ್ಯಾಯಾಮದ ಫಲವಾಗಿ ನಿದ್ದೆಯಲ್ಲಿ ಸಕ್ಕರೆ ಇಳಿಯುವುದುಂಟು. ಅವರು ಹಗಲು ಹೊತ್ತಿನಲ್ಲಿ, ಊಟದ ನಂತರ ಮಾಡುವುದು ಹೆಚ್ಚು ಸುರಕ್ಷಿತ. ನಡೆಯುವ ದಿನ ತೊಡೆಗೆ ಇನ್ಸುಲಿನ್ ಚುಚ್ಚುವುದು ಬೇಡ, ದುಡಿಯುವ ಕಾಲಿನಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಇಳಿದಾಗಿನ ನಡುಕ, ಎದೆಬಡಿತ ಕಾಣಿಸದೆ ಹೋಗಬಹುದು, ಹಾಗಾಗಿ ಲಕ್ಷಣಗಳನ್ನು ನಂಬದೆ ಅಳೆದೇ ನೋಡಬೇಕು. ಸಕ್ಕರೆ 250ಕ್ಕಿಂತ ಮೇಲಿದ್ದು ವಾಂತಿ, ವಿಪರೀತ ಸುಸ್ತು ಇದ್ದ ದಿನ ವ್ಯಾಯಾಮ ಮಾಡಿಸದೆ ವೈದ್ಯರನ್ನು ಕಾಣಿ.

ಆರಂಭಿಸುವ ಮುನ್ನ ಅವರ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಆಗಿದೆಯೇ ನೋಡಿ. ಅಲ್ಲಿ ಹೊಸ ದುರ್ಬಲ ರಕ್ತನಾಳಗಳು ಬೆಳೆದಿದ್ದರೆ ಉಸಿರು ಬಿಗಿಹಿಡಿದು ಮಾಡುವ ಯಾವ ಶ್ರಮವೂ ಒಳಗೆ ರಕ್ತಸ್ರಾವ ತರಬಹುದು, ನೇತ್ರತಜ್ಞರು ಒಪ್ಪುವವರೆಗೆ ಭಾರದ ವ್ಯಾಯಾಮ ಬೇಡ. ಪಾದಗಳ ಸ್ಪರ್ಶಜ್ಞಾನ ಕುಂದಿದ್ದರೆ ಸರಿಯಾದ ಅಳತೆಯ ಮುಚ್ಚಿದ ಪಾದರಕ್ಷೆ ಹಾಕಿಸಿ, ನಡೆದು ಬಂದ ಮೇಲೆ ಪ್ರತಿದಿನ ಅಂಗಾಲನ್ನು ಬೆಳಕಿನಲ್ಲಿ ನೀವೇ ನೋಡಿ. ಇವೆರಡೂ ಸರಿಯಿದ್ದರೆ ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಎಂಟು ಹತ್ತು ಸಲ, ಗೋಡೆಗೆ ಅಂಗೈ ಒತ್ತಿ ಹಿಂದೆ ಮುಂದೆ ಬಾಗುವುದನ್ನು ಅಷ್ಟೇ ಸಲ, ದಿನ ಬಿಟ್ಟು ದಿನ ಮಾಡಿಸಿ. ಊಟದ ನಂತರದ ಹತ್ತು ನಿಮಿಷದ ನಡಿಗೆಗೆ ನೀವೂ ಜೊತೆಗಿರಿ, ಗ್ಲೂಕೋಸ್ ಪುಡಿ ನಿಮ್ಮ ಕೈಯಲ್ಲಿರಲಿ. ಮೊದಲ ಎರಡು ವಾರದ ಅಂಕಿಗಳನ್ನು ಬರೆದಿಟ್ಟು ಅವರ ವೈದ್ಯರಿಗೆ ತೋರಿಸಿದರೆ, ಇನ್ಸುಲಿನ್ ಪ್ರಮಾಣವನ್ನು ಎಷ್ಟು ತಗ್ಗಿಸಬೇಕೆಂದು ಅವರು ಹೇಳುತ್ತಾರೆ. ಅದನ್ನು ನೀವಾಗಿಯೇ ಬದಲಿಸಬೇಡಿ.